ಹೆಸರುಗಳ ಗಂಟು

ಚಿಕ್ಕಂದಿನಲ್ಲಿ ನಿಘಂಟು ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ಕಣ್ಣಿಗೆ ಕಟ್ಟುತ್ತಿದ್ದದ್ದು ಅಜ್ಜಿಯ ಸೆರಗಿನ ತುದಿಯ ಗಂಟು. ಬಿಚ್ಚಿದರೆ ಎರಡು ಏಲಕ್ಕಿ, ಒಂದು ಲವಂಗ, ಮಡಿಸಿ ಮಡಿಸಿ ಬಟ್ಟೆಯಷ್ಟೇ ಮೆತ್ತಗಾದ ನೋಟು, ಜೊತೆಗೆ ಅವಳ ಮೈಯ ಬಿಸುಪು. ಆ ಗಂಟಿಗೂ ಈ ಮಾತಿಗೂ ನಂಟಿಲ್ಲವೆಂದು ಬಹಳ ತಡವಾಗಿ ತಿಳಿಯಿತು. ತಿಳಿದ ಮೇಲೂ ಏಲಕ್ಕಿಯ ಪರಿಮಳ ಹೋಗಲಿಲ್ಲ.

ವೇದದಿಂದ ಹೆಕ್ಕಿದ ಹೆಸರುಗಳ ಹಳೆಯ ಸಂಗ್ರಹವೊಂದಕ್ಕೆ ನಿಘಂಟು ಎಂದು ಹೆಸರು. ಅದಕ್ಕೆ ನಿರುಕ್ತವೆಂಬ ವ್ಯಾಖ್ಯಾನವನ್ನು ಬರೆಯಲು ಕುಳಿತ ಯಾಸ್ಕ ಮೊದಲಿಗೇ ಈ ಮಾತಿನ ಹೊಸ್ತಿಲಲ್ಲಿ ನಿಂತುಬಿಡುತ್ತಾನೆ. ನಿಗಮದಿಂದ, ಅಂದರೆ ವೇದವಾಕ್ಯದಿಂದ ಬಂದವು, ನಿಗಂತುಗಳೇ ನಿಘಂಟುಗಳಾದವು ಎಂಬ, ಔಪಮನ್ಯವನೆಂಬ ಆಚಾರ್ಯನ ಮಾತನ್ನು ಹೇಳುತ್ತಾನೆ. ಬಡಿದು ಕೂಡಿಸಿದವು ಎಂದೂ ಇರಬಹುದು, ಕಲೆಹಾಕಿ ತಂದವು ಎಂದೂ ಇರಬಹುದು ಅನ್ನುತ್ತಾನೆ. ಹೆಸರುಗಳನ್ನೆಲ್ಲ ಮಡಿಲಲ್ಲಿಟ್ಟುಕೊಂಡ ಮಾತು ತನ್ನ ಹುಟ್ಟನ್ನು ಮಾತ್ರ ಹೀಗೆ ಮೂರು ದಾರಿಗಳ ಮಬ್ಬಿನಲ್ಲಿ ಬಿಟ್ಟಿದೆಯಲ್ಲ ಎಂದು ನನಗೆ ಮತ್ತೆ ಮತ್ತೆ ಬೆರಗು.

ಒಳಗೆ ಹೋದರೆ ಭೂಮಿಗೆ 21 ಹೆಸರು, ಮೊದಲನೆಯದೇ ಗೌಃ, ಹಸುವಿಗೂ ಅದೇ ಹೆಸರು. ಇರುಳಿಗೆ 23. ಶ್ಯಾವೀ ಎಂದು ಕಪ್ಪಾಗಿ ಶುರುವಾಗುವ ಇರುಳು, ಊರ್ಮ್ಯಾ ಎನ್ನುವಾಗ ಅಲೆಯಲೆಯಾಗಿ, ಪಯಸ್ವತೀ ಎನ್ನುವಾಗ ಹಾಲು ತುಂಬಿ, ಘೃತಾಚೀ ಎನ್ನುವಾಗ ತುಪ್ಪದಿಂದ ತೊಯ್ದು, ಮುಂದೆ ಊಧಃ, ಕೆಚ್ಚಲು, ಎಂದೇ ಕರೆಸಿಕೊಳ್ಳುತ್ತದೆ. ಬೆಳಗಿನ ಜಾವ ಕೊಟ್ಟಿಗೆಯ ಕತ್ತಲಲ್ಲಿ ಕರು ಮೂತಿಯಿಂದ ಗುದ್ದಿ ಗುದ್ದಿ ತೊರೆ ಬಿಡಿಸುವುದನ್ನು ಕಂಡವರ ಬಾಯಲ್ಲಿ ಅಲ್ಲದೆ ಆ ಹೆಸರು ಬೇರೆಲ್ಲಿ ಹುಟ್ಟೀತು?

ನೀರಿನ ಹತ್ತಿರ ಬಂದಾಗ ಪಟ್ಟಿ ಕಟ್ಟೆಯೊಡೆದಂತೆ 101ಕ್ಕೆ ಹರಿಯುತ್ತದೆ. ಅರ್ಣಸ್ಸು, ಸಲಿಲ, ಮಧು, ಕ್ಷೀರ. ವಿಷವೂ ನೀರೇ, ಅಮೃತವೂ ನೀರೇ. ಭೂತ, ಭುವನ, ಭವಿಷ್ಯತ್ತು, ಸುಖ, ಸತ್ಯ. ನಡುವೆ ಎಲ್ಲೋ, ಯಾರೂ ಗಮನಿಸದಿರಲಿ ಎಂಬಂತೆ, ನಾಮ. ಹೆಸರು ಎಂಬುದೂ ನೀರಿನದೇ ಒಂದು ಹೆಸರು. ಅಲ್ಲಿಗೆ ಬಂದಾಗಲೆಲ್ಲ ನನ್ನ ಬೆರಳು ಸಾಲಿನ ಮೇಲೇ ನಿಂತುಬಿಡುತ್ತದೆ.

ಆಮೇಲೆ ಅಂಬು, ತೋಯ, ವಾರಿ, ಜಲ. ನೂರೂ ಮುಗಿದ ಮೇಲೆ ಉಳಿದ ಕೊನೆಯದು, ಇದಂ. ಇದು, ಅಷ್ಟೇ. ಹೊರಗೆ ಮಳೆ ನಿಂತಿದೆ; ಸೂರಿನಂಚಿನಿಂದ ಹನಿಯೊಂದು ತುಂಬಿಕೊಂಡು, ಉದ್ದವಾಗಿ, ಇನ್ನೂ ಬೀಳದೆ ನಡುಗುತ್ತಿದೆ. ಅದರತ್ತ ಬೊಗಸೆ ಒಡ್ಡುತ್ತೇನೆ.