ಧರ್ಮವೂ ಲೆಕ್ಕಾಚಾರವೂ

ಇಬ್ಬರು ರೈತರು ನೆರೆಹೊರೆಯವರು. ಒಬ್ಬನ ಪೈರು ಇಂದು ಕೊಯ್ಲಿಗೆ ಬಂದಿದೆ; ಇನ್ನೊಬ್ಬನದು ನಾಳೆ ಬರಲಿದೆ. ಇಂದು ಎರಡನೆಯವನು ಮೊದಲನೆಯವನಿಗೆ ನೆರವಾಗಿ, ನಾಳೆ ಆ ನೆರವನ್ನು ಮರಳಿ ಪಡೆದರೆ ಇಬ್ಬರ ಬೆಳೆಯೂ ಮನೆ ಸೇರುವುದು. ಆದರೆ ತನ್ನ ಕಾಳು ಕಣಜವನ್ನು ಸೇರಿದ ಮೇಲೆ ಅವನು ಬಂದಾನೆಂಬ ನೆಚ್ಚಿಕೆಯೇನು? ಹೀಗೆ ಶಂಕಿಸಿ ಎರಡನೆಯವನು ಮನೆಯಲ್ಲಿಯೇ ಕುಳಿತನು. ಮರುದಿನ ಮೊದಲನೆಯವನೂ ಕುಳಿತನು. ಇಬ್ಬರ ಬೆಳೆಯೂ ಹೊಲದಲ್ಲಿಯೇ ಹಾಳಾಯಿತು. ಸ್ಕಾಟ್ಲೆಂಡಿನ ತತ್ತ್ವಜ್ಞನಾದ ಡೇವಿಡ್ ಹ್ಯೂಮನು 1740ರಲ್ಲಿ ಪ್ರಕಟಿಸಿದ ನೀತಿವಿಚಾರದಲ್ಲಿ ಇಂತಹ ದೃಷ್ಟಾಂತವೊಂದನ್ನು ಕೊಟ್ಟಿರುವನು. ಈ ಇಬ್ಬರಲ್ಲಿ ಯಾರೂ ದುಷ್ಟರಲ್ಲ, ಮೂರ್ಖರೂ ಅಲ್ಲ. ತಂತಮ್ಮ ಮಟ್ಟಿಗೆ ಸರಿಯಾಗಿಯೇ ಲೆಕ್ಕ ಹಾಕಿದರು. ಫಲ ಮಾತ್ರ ಇಬ್ಬರಿಗೂ ನಷ್ಟ.

ಒಬ್ಬನ ಲಾಭನಷ್ಟವು ಅವನ ನಡೆಯೊಂದನ್ನೇ ಅಲ್ಲದೆ ಇತರರ ನಡೆಯನ್ನೂ ಅವಲಂಬಿಸಿರುವಲ್ಲಿ, ಚದುರಂಗದವನಂತೆ ಎದುರಿನವನ ಮನಸ್ಸನ್ನು ಊಹಿಸಿಯೇ ಕಾಯಿ ನಡೆಸಬೇಕಾಗುವುದು. ಈ ಊಹೆಯನ್ನು ಗಣಿತಕ್ಕೆ ಒಳಪಡಿಸಿದ ಶಾಸ್ತ್ರಕ್ಕೆ ಆಟದ ಸಿದ್ಧಾಂತವೆಂದು ಹೆಸರು. ಫಾನ್ ನಾಯ್ಮನ್ ಮತ್ತು ಮಾರ್ಗೆನ್‌ಸ್ಟರ್ನ್ ಎಂಬ ಪಂಡಿತರು 1944ರಲ್ಲಿ ಇದರ ಮೇಲೆ ಬೃಹದ್ಗ್ರಂಥವನ್ನು ಪ್ರಕಟಿಸಿದರು. ಹೆಸರಿನಲ್ಲಿ ಆಟವಿದ್ದರೂ ವಿಷಯವು ವಿನೋದದ್ದಲ್ಲ.

ಕನ್ನಡ ನಾಡಿನ ಮುಯ್ಯಾಳಿನ ಪದ್ಧತಿಯನ್ನು ಬಲ್ಲವರಿಗೆ ಹ್ಯೂಮನ ರೈತರು ವಿಚಿತ್ರವಾಗಿ ತೋರಬಹುದು. ಈ ವರ್ಷ ಮುಯ್ಯಿ ತೀರಿಸದವನ ಹೊಲಕ್ಕೆ ಬರುವ ವರ್ಷ ಯಾರು ಬಂದಾರು? ಭೇದವಿರುವುದು ಇಲ್ಲಿಯೇ. ಒಂದೇ ಸಲದ ಆಟದಲ್ಲಿ ವಂಚನೆಯು ಲಾಭಕರ. ಆಟವು ವರುಷ ವರುಷವೂ ನಡೆಯುವುದಾದರೆ ಹಾಗಲ್ಲ. ಅಮೆರಿಕದ ರಾಬರ್ಟ್ ಆಕ್ಸೆಲ್ರಾಡ್ ಎಂಬ ವಿದ್ವಾಂಸನು ಗಣಕಯಂತ್ರದಲ್ಲಿ ಇಂತಹ ಆಟದ ಪಂದ್ಯವನ್ನೇ ನಡೆಸಿ 1984ರಲ್ಲಿ ಗ್ರಂಥ ಬರೆದನು. ತಜ್ಞರು ಕಳುಹಿಸಿದ ಕುಟಿಲ ತಂತ್ರಗಳನ್ನೆಲ್ಲ ಮೀರಿ ಗೆದ್ದದ್ದು ಅತಿ ಸರಳವಾದ ತಂತ್ರ: ಮೊದಲು ಸಹಕರಿಸುವುದು, ಆಮೇಲೆ ಮುಯ್ಯಿಗೆ ಮುಯ್ಯಿ.

ಹಾಗಾದರೆ ಸಂಸ್ಥೆಗಳು ಮಾಡುವ ಕೆಲಸವೇನು? ಸ್ಪೇನ್ ದೇಶದ ವಾಲೆನ್ಸಿಯ ಪ್ರಾಂತದಲ್ಲಿ ತೂರಿಯಾ ನದಿಯ ಕಾಲುವೆಗಳ ನೀರನ್ನು ರೈತರು ಶತಮಾನಗಳಿಂದ ಹಂಚಿಕೊಂಡು ಬಂದಿದ್ದಾರೆ. ಅವರೇ ಚುನಾಯಿಸಿದ ರೈತರು ಪ್ರತಿ ಗುರುವಾರ ಮಧ್ಯಾಹ್ನ ದೊಡ್ಡ ಇಗರ್ಜಿಯ ಬಾಗಿಲಲ್ಲಿ ನ್ಯಾಯಪೀಠವಾಗಿ ಕುಳಿತುಕೊಳ್ಳುವರು; ವಿಚಾರಣೆಯೆಲ್ಲ ಬಾಯಿಮಾತಿನಲ್ಲಿಯೇ. ಇಂತಹ ನೀರಾವರಿಗಳನ್ನು ಪರಿಶೀಲಿಸಿ 1990ರಲ್ಲಿ ಗ್ರಂಥ ಬರೆದ ಎಲಿನಾರ್ ಆಸ್ಟ್ರಮ್ ಎಂಬಾಕೆಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಹುಮಾನವು ದೊರೆಯಿತು. ಸರದಿಯ ಪದ್ಧತಿಯಲ್ಲಿ ಆಕೆ ಕಂಡುದು ಸಣ್ಣ ಸಂಗತಿ, ಆದರೆ ಅದರಲ್ಲಿ ಬಹಳವಿದೆ. ನೀರು ಹಾಯಿಸುತ್ತಿರುವವನಿಗೆ ಇನ್ನೂ ಸ್ವಲ್ಪ ಹೊತ್ತು ಹಾಯಿಸುವ ಆಸೆ. ಮುಂದಿನ ಸರದಿಯವನಿಗೆ ಸ್ವಲ್ಪ ಮೊದಲೇ ತಿರುಗಿಸಿಕೊಳ್ಳುವ ಆಸೆ. ಇವನು ಬದುವಿನ ಮೇಲೆ ಕಾದು ನಿಂತಿರುವುದರಿಂದ ಅವನು ಹೊತ್ತು ಮೀರಲಾರನು. ಅವನು ಇನ್ನೂ ಅಲ್ಲಿಯೇ ಇರುವುದರಿಂದ ಇವನು ಅವಸರಪಡಲಾರನು. ಹೊಲಹೊಲಕ್ಕೂ ನೀರುಗಂಟಿಯನ್ನು ನಿಲ್ಲಿಸಬೇಕಾಗಿಲ್ಲ. ತನ್ನ ನೀರಿಗಾಗಿ ಬಂದವನೇ ಊರಿನ ಕಾವಲುಗಾರನೂ ಆಗುತ್ತಾನೆ.

ನೆರೆಯವನು ನೋಡುತ್ತಿದ್ದಾನೆಂದು ಕಾಲುವೆಯ ಬಾಯಿ ಮುಚ್ಚಿದವನು ಪ್ರಾಮಾಣಿಕನೇ ಎಂದು ನೀತಿವಾದಿಗಳು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಸರದಿಯಿಲ್ಲದ ಕಾಲುವೆಯಲ್ಲಿ ನಿಜವಾದ ಪ್ರಾಮಾಣಿಕನ ಗತಿಯೇನೆಂಬುದನ್ನೂ ಕೇಳಬೇಕಷ್ಟೆ. ಎಲ್ಲರೂ ಕದಿಯುವಲ್ಲಿ ಕದಿಯದವನ ಪೈರು ಒಣಗುವುದು. ಅವನ ಮಕ್ಕಳು ಹಸಿಯುವರು. ಮೂರನೆಯ ವರ್ಷಕ್ಕೆ ಅವನೂ ರಾತ್ರಿ ಗುದ್ದಲಿ ಹಿಡಿದು ಹೊರಟರೆ ಉಪದೇಶ ಮಾಡುವವರು ಯಾವ ಮುಖದಿಂದ ಮಾಡಬೇಕು? ಒಳ್ಳೆಯ ಕಟ್ಟಳೆಯು ಸಜ್ಜನನನ್ನು ಹುಟ್ಟಿಸದಿರಬಹುದು; ಇದ್ದ ಸಜ್ಜನನು ಕೆಡದಂತೆ ಕಾಯುತ್ತದೆ. ಜನರ ದುರ್ಬುದ್ಧಿಯನ್ನು ಹಳಿಯುವುದು ಸುಲಭವಾದುದರಿಂದಲೋ ಏನೋ, ಕಟ್ಟಳೆಯ ದೋಷವನ್ನು ಹುಡುಕುವವರು ವಿರಳ.

ಹೀಗೆಂದು ಮನುಷ್ಯನ ನಡತೆಯೆಲ್ಲವೂ ಲೆಕ್ಕಾಚಾರವೇ ಎನ್ನಲಾಗದು. ಕಾಲುವೆಯ ಬಳಿ ಹೊಲವಿಲ್ಲದವನಿಗೆ ಸರದಿಯೂ ಇಲ್ಲ. ದಾರಿಹೋಕನೊಡನೆ ನಾಳೆಯ ಆಟವೂ ಇಲ್ಲ. ಆದರೂ ಈ ಶಾಸ್ತ್ರದವರೇ ನಡೆಸಿದ ಪ್ರಯೋಗಗಳಲ್ಲಿ, ಒಬ್ಬನ ಕೈಗೆ ಹಣವನ್ನಿತ್ತು, ಹೆಸರೂ ಮುಖವೂ ತಿಳಿಯದ ಇನ್ನೊಬ್ಬನಿಗೆ ಇಷ್ಟವಿದ್ದಷ್ಟು ಕೊಡಬಹುದು, ಏನೂ ಕೊಡದಿದ್ದರೂ ಕೇಳುವವರಿಲ್ಲ ಎಂದು ಹೇಳಿದಾಗ, ಏನೂ ಕೊಡದವರು ಇದ್ದರು. ಆದರೆ ಅನೇಕರು ಏನಾದರೂ ಒಂದಿಷ್ಟನ್ನು ಕೊಟ್ಟೇ ಎದ್ದರು.