ಹತ್ತು ಜನ ಹೇಳಿದ ಮಾತು

ಹತ್ತು ಜನ ಹೇಳಿದರೆ ಅದು ಸತ್ಯ ಆಗುತ್ತಾ? ನಮ್ಮ ಹಳ್ಳಿ ಕಡೆ ಇದನ್ನ ಪ್ರಶ್ನೆ ಅಂತಲೇ ಯಾರೂ ಅಂದುಕೊಳ್ಳಲ್ಲ. "ಊರೆಲ್ಲಾ ಹೇಳ್ತಿದೆ, ಸುಮ್ಸುಮ್ನೆ ಹೇಳ್ತಾರಾ?" ಅಂದರೆ ಮುಗೀತು, ತೀರ್ಪು ಬಂದ ಹಾಗೆ. ಬೆಂಕಿ ಇಲ್ಲದೆ ಹೊಗೆ ಬರಲ್ಲ ಅನ್ನೋ ಗಾದೆ ಬೇರೆ ಸಿದ್ಧವಾಗಿರುತ್ತೆ.

ಈ ಪ್ರಶ್ನೆಯನ್ನ ಎಂಜಿನಿಯರುಗಳು ಬೇರೆಯದೇ ಜಾಗದಲ್ಲಿ ಎದುರಿಸಿದ್ದಾರೆ. 1989ರ ಆಗಸ್ಟಿನಲ್ಲಿ ವಾಯೇಜರ್ 2 ನೌಕೆ ನೆಪ್ಚೂನ್ ಪಕ್ಕ ಹಾದುಹೋಯಿತು. ದೂರ ಸುಮಾರು 450 ಕೋಟಿ ಕಿಲೋಮೀಟರ್. ನೌಕೆಯ ಟ್ರಾನ್ಸ್‌ಮಿಟರಿನ ಶಕ್ತಿ 20 ವ್ಯಾಟ್ ಆಸುಪಾಸು, ಅಂದರೆ ಹಳೇ ಕಾಲದ ಒಂದು ಉದ್ದ ಟ್ಯೂಬ್‌ಲೈಟಿಗೂ ಸಾಲದು. ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ ಇಸ್ರೋದ 32 ಮೀಟರ್ ಆಂಟೆನಾ ನೋಡಿದವರಿಗೆ ಅದೇ ದೈತ್ಯ ಅನ್ಸುತ್ತೆ. ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್‌ನಲ್ಲಿರೋದು 70 ಮೀಟರಿನದು. ಬೇಕಾದಷ್ಟು ವೇಗವಾಗಿ ಚಿತ್ರ ಪಡೆಯೋಕೆ ಅದೊಂದೇ ಸಾಲಲಿಲ್ಲ. ಹಾಗಾಗಿ ನ್ಯೂ ಮೆಕ್ಸಿಕೋದ ವೆರಿ ಲಾರ್ಜ್ ಅರೇಯ 27 ಆಂಟೆನಾಗಳನ್ನೂ ಜೊತೆಗೆ ಸೇರಿಸಿದರು.

ಒಂದೇ ಥರದ ಒಂಬತ್ತು ಆಂಟೆನಾ ಕೂಡಿಸಿದರೆ ಸಂಕೇತದ ವೋಲ್ಟೇಜ್ ಒಂಬತ್ತು ಪಟ್ಟಾಗುತ್ತೆ, ಗದ್ದಲ ಮೂರೇ ಪಟ್ಟಾಗುತ್ತೆ. ಯಾಕೆಂದರೆ ಸಂಕೇತ ಎಲ್ಲರಿಗೂ ಒಂದೇ, ಗದ್ದಲ ಮಾತ್ರ ಅವರವರ ರಿಸೀವರಿನದು. ಒಂದರ ಏರು ಇನ್ನೊಂದರ ಇಳಿತಕ್ಕೆ ತಾಗಿ ಸಾಕಷ್ಟು ಕಳೆದುಹೋಗುತ್ತೆ. ಅಂದರೆ ಹಲವು ಕಿವಿ ಸೇರಿದರೆ ಸತ್ಯ ಸ್ಪಷ್ಟವಾಗೋದು ನಿಜ.

ಆದರೆ ಇದಕ್ಕೊಂದು ಷರತ್ತಿದೆ. ಪ್ರತಿಯೊಂದೂ ಸ್ವತಃ ಆಕಾಶಕ್ಕೆ ಕಿವಿಗೊಟ್ಟಿರಬೇಕು. ಒಂದೇ ಆಂಟೆನಾ ಕೇಳಿದ್ದನ್ನ ಒಂಬತ್ತು ಕಾಪಿ ಮಾಡಿ ಕೂಡಿಸಿದರೆ ಸಂಕೇತವೂ ಒಂಬತ್ತು ಪಟ್ಟು, ಗದ್ದಲವೂ ಒಂಬತ್ತು ಪಟ್ಟು. ಸದ್ದು ಜೋರಾಯ್ತು ಅಷ್ಟೇ, ಸ್ಪಷ್ಟತೆ ಒಂದಿಷ್ಟೂ ಹೆಚ್ಚಲಿಲ್ಲ.

ಊರಲ್ಲಿ ಪಂಪ್‌ಸೆಟ್ ಕೇಬಲ್ ಕಳುವಾದಾಗ ಆಗೋದು ಇದೇ. ಬೆಳಿಗ್ಗೆ ಯಾರೋ ಒಬ್ಬರು ಕೂಲಿಯವನೊಬ್ಬನ ಹೆಸರು ಆಡ್ತಾರೆ. ಸಂಜೆಗೆ ನಲವತ್ತು ಜನ ಅದನ್ನೇ ಹೇಳ್ತಾರೆ, ವಾಟ್ಸಾಪಿನಲ್ಲೂ ಓಡಾಡುತ್ತೆ. ಮಾರನೇ ದಿನದಿಂದ ಅವನನ್ನ ಯಾರೂ ಕೆಲಸಕ್ಕೆ ಕರೆಯಲ್ಲ. ಆ ನಲವತ್ತರಲ್ಲಿ ಕಣ್ಣಾರೆ ಕಂಡವರೆಷ್ಟು ಅಂತ ಎಣಿಸಿದರೆ ಬಹುಶಃ ಸೊನ್ನೆ. ಒಬ್ಬನ ಹೊಟ್ಟೆಪಾಡು ಹೋದದ್ದು ಮಾತ್ರ ನಿಜ.

ಹಾಗಂತ ಒಂಟಿ ದನಿಯೆಲ್ಲ ಗದ್ದಲ ಅಂತ ತಳ್ಳಿಹಾಕೋಕೂ ಆಗಲ್ಲ. ಆಂಟೆನಾಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿರುತ್ತವೆ, ಆದ್ದರಿಂದ ಒಂದಕ್ಕೆ ಮಾತ್ರ ಕೇಳಿಸಿದ್ದನ್ನ ಅನುಮಾನಿಸೋದು ಸರಿ. ಊರಲ್ಲಿ ಹಾಗಲ್ಲ. ಅನ್ಯಾಯ ನಡೆದ ಜಾಗದಲ್ಲಿ ಒಬ್ಬಳೇ ಇದ್ದಿರಬಹುದು. ಉಳಿದ ಮೂವತ್ತೊಂಬತ್ತು ಮಂದಿ "ನಮಗೇನೂ ಗೊತ್ತಿಲ್ಲ" ಅಂದರೆ ಅದು ಅವಳ ಮಾತಿಗೆ ವಿರುದ್ಧ ಸಾಕ್ಷಿ ಅಲ್ಲ. ಅವರು ಆ ಕಡೆ ತಿರುಗೇ ಇರಲಿಲ್ಲ, ಅಷ್ಟೇ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಹೇಳಿದ್ದಾರೆ. ನಾವು ಕಾಣದೇ ಇದ್ದದ್ದನ್ನೂ ಫಾರ್ವರ್ಡ್ ಮಾಡ್ತೀವಿ. ಎಷ್ಟು ಜನ ಹೇಳಿದರು ಅನ್ನೋದನ್ನ ಬಿಟ್ಟು, ಎಷ್ಟು ಜನ ತಾವೇ ನೋಡಿದರು ಅಂತ ಕೇಳೋ ಅಭ್ಯಾಸ ಮಾಡಿಕೊಂಡರೆ ಸಾಕು. ನಮ್ಮ ಹತ್ತಿರ ಬಂದ ಮಾತು ಎರಡನೇ ಕೈಯದ್ದಾದರೆ, ಮೂರನೇ ಕೈಗೆ ಕೊಡೋ ಮುಂಚೆ ಹಾಗಂತ ಹೇಳಿಬಿಡೋದು ನಾವು ಸಲ್ಲಿಸಬೇಕಾದ ಕನಿಷ್ಠ ಋಣ.