ಗೆದ್ದ ಮೇಲೆ ಏನು?

ಅಕ್ಕಲಕೋಟದ ಅರಮನೆಯ ಶಸ್ತ್ರಾಗಾರದಲ್ಲಿ ಕತ್ತಿ, ಕಠಾರಿ, ಗುರಾಣಿ, ಬಂದೂಕುಗಳ ರಾಶಿಯೇ ಇದೆ. ಭೋಸಲೆ ಸಂಸ್ಥಾನಿಕರು ಕೂಡಿಟ್ಟ ಈ ಆಯುಧಗಳನ್ನು ಕಂಡವರಿಗೆ, ಒಂದು ರಾಜ್ಯ ಉಳಿಯಲು ಇನ್ನೇನು ಬೇಕು ಅನಿಸೀತು. ಈ ಸೀಮೆಯ ಚರಿತ್ರೆ ಓದಿದವರಿಗೆ ಹಾಗನಿಸದು.

ಹತ್ತಿರದ ಸೊಲ್ಲಾಪುರದ ಕೋಟೆಯನ್ನೇ ನೋಡಿ. ಬಿಜಾಪುರದ ಆದಿಲ್‌ಶಾಹಿಗಳು ಅಹಮದನಗರದ ಬುರ್ಹಾನ್ ನಿಜಾಮ್‌ಶಾಹನಿಗೆ ಹೆಣ್ಣು ಕೊಟ್ಟಾಗ ಈ ಕೋಟೆ ಬಳುವಳಿಯೆಂದು ಮಾತಾಗಿತ್ತು. ಮಾತು ನಡೆಯಲಿಲ್ಲ. ಬೀಗರಿಬ್ಬರೂ ದಶಕಗಳ ಕಾಲ ಕಾದಾಡಿದರು. ಕೊನೆಗೆ ಅಹಮದನಗರದ ಚಾಂದ್‌ಬೀಬಿ ಬಿಜಾಪುರದ ಸೊಸೆಯಾದಾಗ ಅದೇ ಕೋಟೆ ಬಳುವಳಿಯಾಗಿ ಬಂತು. ಯುದ್ಧ ಕೊಡಿಸದ ಕೋಟೆಯನ್ನು ಮದುವೆ ಕೊಡಿಸಿತು. ಹೀಗೆ ನೆಂಟಸ್ತಿಕೆಯಿಂದ ಒಂದಾದ ದಖ್ಖನಿನ ಸುಲ್ತಾನರು 1565ರ ಜನವರಿಯಲ್ಲಿ ವಿಜಯನಗರವನ್ನು ಸೋಲಿಸಿದರು.

ಸಮಾನ ಶತ್ರುವಿನ ಎದುರು ಒಂದಾಗುವ ಆ ಲೆಕ್ಕಾಚಾರದಲ್ಲಿ ತಪ್ಪಿರಲಿಲ್ಲ. ಅದು ಅರ್ಧಕ್ಕೇ ನಿಂತಿತ್ತು. ಆ ಶತ್ರು ಇಲ್ಲವಾದೊಡನೆ ಹಳೆಯ ಜಗಳ ಮರುಕಳಿಸಿತು. ಉತ್ತರದಿಂದ ಮೊಗಲರು ಬಂದರು. 1636ಕ್ಕೆ ನಿಜಾಮ್‌ಶಾಹಿ, 1686ಕ್ಕೆ ಬಿಜಾಪುರ, ಮರುವರ್ಷ ಗೋಲ್ಕೊಂಡ ಮುಳುಗಿದವು. ಬಿಜಾಪುರದ ಬುರುಜಿನ ಮೇಲೆ ಆಗ ಮಲಿಕ್-ಎ-ಮೈದಾನ್ ಇತ್ತು: ಸುಮಾರು 55 ಟನ್ ತೂಕ, ಆನೆಯನ್ನು ನುಂಗುವ ಸಿಂಹದಂತೆ ಕಡೆದ ಬಾಯಿ. ಒಂದು ವರ್ಷ ಮೀರಿದ ಮುತ್ತಿಗೆಯಿಂದ ಊರನ್ನು ಅದು ಕಾಯಲಿಲ್ಲ.

ಗೆದ್ದ ಔರಂಗಜೇಬನ ಗತಿಯೇನು? ಮಂಗಳವೇಢೆಯ ಬಳಿ, ಭೀಮೆಯ ದಡದ ಬ್ರಹ್ಮಪುರಿಯಲ್ಲಿ ವರ್ಷಗಟ್ಟಲೆ ಬೀಡುಬಿಟ್ಟು ಮರಾಠರ ಬೆನ್ನು ಹತ್ತಿದ. ಬೊಕ್ಕಸ ಬರಿದಾಯಿತು. 1707ರಲ್ಲಿ ದಖ್ಖನಿನಲ್ಲೇ ಕಣ್ಣು ಮುಚ್ಚಿದ. ಸುಲ್ತಾನರಾಗಲಿ ಬಾದಶಹನಾಗಲಿ, ಗೆಲ್ಲುವುದು ಹೇಗೆಂದು ಚೆನ್ನಾಗಿ ಯೋಚಿಸಿದರು. ಗೆದ್ದ ಮೇಲೆ ಏನೆಂದು ಯೋಚಿಸಲಿಲ್ಲ.

ಇಂದಿನ ರಕ್ಷಣಾ ಯೋಜನೆಗೆ ಈ ಪ್ರಶ್ನೆ ಇನ್ನೂ ಹತ್ತಿರದ್ದು. ಬೆಂಗಳೂರಿನಲ್ಲಿ ತಯಾರಾಗುವ ತೇಜಸ್ ವಿಮಾನಕ್ಕೆ 1983ರಲ್ಲಿ ಮಂಜೂರಾತಿ ಸಿಕ್ಕಿತು. ವಾಯುಪಡೆಯ ಸ್ಕ್ವಾಡ್ರನ್ ಸೇರಿದ್ದು 2016ರಲ್ಲಿ. ನಡುವೆ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು, ಮಿತ್ರರು-ಎದುರಾಳಿಗಳ ಪಟ್ಟಿ ಬದಲಾಯಿತು. ಇಂದು ಕೈಗೊಂಡ ನಿರ್ಧಾರ ಕಣಕ್ಕಿಳಿಯುವ ಹೊತ್ತಿಗೆ ಎದುರಿಗೆ ಯಾರಿರುತ್ತಾರೋ ಹೇಳಲಾಗದು. ಆದ್ದರಿಂದ ಒಂದೇ ಆಯುಧ, ಒಂದೇ ಒಪ್ಪಂದ, ಒಬ್ಬನೇ ಶತ್ರುವನ್ನು ನೆಚ್ಚಿ ಹೂಡುವ ಯೋಜನೆ ಎಷ್ಟೇ ದೊಡ್ಡದಾದರೂ ಅಲ್ಪಾಯುಷಿ. ಆಯುಧ ಬೇಕು, ಅದನ್ನು ಸ್ವಂತವಾಗಿ ಮಾಡುವ ಕೈಗಳೂ ಬೇಕು, ಜತೆಗೆ ನೆರೆಯವರೊಂದಿಗೆ ಮಾತು ಕಡಿಯದ ಜಾಣತನವೂ ಬೇಕು.

ಬಜೆಟ್ ಬಂದಾಗ ಎಷ್ಟು ವಿಮಾನ, ಎಷ್ಟು ತೋಪು ಎಂದು ಕೇಳುವುದು ನಮ್ಮ ಹಕ್ಕು. ಅವುಗಳಿಂದ ಗೆದ್ದ ಮೇಲೆ ಏನು ಎಂದೂ ಕೇಳೋಣ.